ಹುಳಿ ಬಂದರೆ ಹಳಸಿತೆಂದಲ್ಲ

ಆ ಮಾಸ್ತರರು ತೀರಿಕೊಂಡ ಸುದ್ದಿ ಬಂದಾಗ ನಾನು ಹೋಟೆಲಿನ ಹಿಂದಿನ ನಲ್ಲಿಕಟ್ಟೆಯಲ್ಲಿ ಉದ್ದಿನಬೇಳೆ ತೊಳೆಯುತ್ತಿದ್ದೆ. ಗಲ್ಲಾದಲ್ಲಿ ಕೂತಿದ್ದ ಧಣಿಗಳು ಎದ್ದು ಒಳಗೆ ಬಂದು ಹೇಳಿದರು. ಪಾಪ ಎನ್ನಬೇಕಿತ್ತು. ನನ್ನ ಬಾಯಿಂದ ಹೊರಟದ್ದು "ಹೌದಾ" ಎಂಬ ಒಂದೇ ಮಾತು. ಆಮೇಲೆ ಅವರ ಕರವಸ್ತ್ರ ಕಣ್ಣ ಮುಂದೆ ಬಂದು ನಿಂತಿತು. ಮತ್ತೆ ಬೇಳೆ ತೊಳೆಯತೊಡಗಿದೆ.

ಶಾಲೆಯ ಹಾಲ್‌ನಲ್ಲಿ ಸಂತಾಪ ಸಭೆ ಮಾಡಿದರು. ಶಿಸ್ತಿನ ಸಿಪಾಯಿ ಎಂದರು, ಗಣಿತವೇ ಅವರ ಉಸಿರು ಎಂದರು, ಒಬ್ಬರಂತೂ ಸಂತನಂಥ ಮನುಷ್ಯ ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಸಭೆ ಮುಗಿದಮೇಲೆ ಹೆಡ್ ಟೀಚರ್ ನನ್ನ ಹತ್ತಿರ ಬಂದು, "ಸ್ಮರಣ ಸಂಚಿಕೆ ತರ್ತಾ ಇದ್ದೇವೆ, ನೀವೂ ಎರಡು ಮಾತು ಬರೆದುಕೊಡಿ, ಇಪ್ಪತ್ತು ವರ್ಷ ಅವರಿಗೆ ತಿಂಡಿ ಮಾಡಿ ಹಾಕಿದವರು ನೀವು" ಎಂದರು. ಬರೆಯುತ್ತೇನೆ ಎಂದೆ. ನಾನು ಊರಿನಲ್ಲಿ ಓದಿದ್ದು ಮೂರನೇ ಕ್ಲಾಸು. ಉಳಿದ ಅಕ್ಷರವೆಲ್ಲ ಮುಂಬಯಿಗೆ ಬಂದಮೇಲೆ ಹೋಟೆಲಿಗೆ ಬರುವ ಪೇಪರ್ ಓದಿ ಓದಿ ಕಲಿತದ್ದು. ಈ ಬರಹದ ಕಾಗುಣಿತವನ್ನು ಮೊಮ್ಮಗಳು ತನ್ವಿ ತಿದ್ದಿದ್ದಾಳೆ. ಅಭಿಪ್ರಾಯ ತಿದ್ದಲು ಬಿಟ್ಟಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಅವರಷ್ಟು ಹೇಸಿಗೆ ಹುಟ್ಟಿಸಿದ ಮನುಷ್ಯನನ್ನು ನಾನು ನೋಡಿಲ್ಲ. ಮತ್ತು ನನ್ನ ಜೀವನದ ಅತ್ಯಂತ ದೊಡ್ಡ ಸಂತೋಷ ನನಗೆ ಸಿಕ್ಕಿದ್ದು ಆ ಮನುಷ್ಯನ ಕೈಯಿಂದಲೇ. ಎರಡೂ ನಿಜ. ಮೊದಲು ಹೇಸಿಗೆಯನ್ನು ಬರೆದು ಮುಗಿಸುತ್ತೇನೆ.

ಭಾಂಡುಪ್ ಸ್ಟೇಷನ್ನಿಂದ ಐದು ನಿಮಿಷ ನಡೆದರೆ ನಮ್ಮ ಹೋಟೆಲು. ನಾನು ಅಲ್ಲಿ ಹಿಟ್ಟಿನವನು. ಇಡ್ಲಿ, ದೋಸೆ, ಉದ್ದಿನವಡೆ, ಯಾವ ಹಿಟ್ಟಾದರೂ ನನ್ನ ಕೈ ದಾಟಿಯೇ ಹೋಗಬೇಕು. ಮಾಸ್ತರರು ಕಲಿಸುತ್ತಿದ್ದ ಕನ್ನಡ ಶಾಲೆ ಹಿಂದಿನ ಗಲ್ಲಿಯಲ್ಲಿ. ಅವರು ಧಾರವಾಡದ ಕಡೆಯವರು, ಒಂಟಿ ಜೀವ, ಮುಲುಂಡಿನಲ್ಲಿ ಒಂದು ರೂಮು. ಐದನೆಯಿಂದ ಎಂಟನೆಯ ತನಕದ ಮಕ್ಕಳಿಗೆ ಗಣಿತ. ಶಾಲೆ ಬಿಟ್ಟಮೇಲೆ ನಮ್ಮಲ್ಲಿಗೆ ಬಂದು ಅಡುಗೆಮನೆಯ ಕಿಟಕಿಯ ಪಕ್ಕದ ಮೂಲೆಯ ಟೇಬಲ್ ಹಿಡಿಯುತ್ತಿದ್ದರು.

ಬಂದವರು ಮೊದಲು ಆ ಕರವಸ್ತ್ರ ತೆಗೆಯುವರು. ಒಂದು ಕಾಲದಲ್ಲಿ ಅದು ಬಿಳಿ ಇದ್ದಿರಬೇಕು. ನಾನು ಕಂಡಾಗಿನಿಂದ ಚಹಾದ ಬಣ್ಣ. ಅದರಿಂದ ಟೇಬಲ್ ಒರೆಸುವರು. ಚಮಚ ಒರೆಸುವರು. ಗ್ಲಾಸಿನೊಳಗೆ ಬೆರಳು ಹಾಕಿ ಒರೆಸಿ ಬೆಳಕಿಗೆ ಹಿಡಿದು ನೋಡಿ, "ಹೊಲಸ್" ಎನ್ನುವರು. ಆಮೇಲೆ ಅದೇ ಕರವಸ್ತ್ರದಲ್ಲಿ ಗರ್ರೆಂದು ಸಿಂಬಳ ತೆಗೆದು, ಮಡಚಿ ಜೇಬಿಗೆ. ಪಕ್ಕದ ಗಿರಾಕಿಗಳು ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದದ್ದನ್ನು ನಾನೇ ನೋಡಿದ್ದೇನೆ.

ತಿನ್ನುವ ಮೊದಲು ಪ್ರತಿಯೊಂದನ್ನೂ ಮೂಸುವರು. ಚಟ್ನಿಯನ್ನು ಮೂಸುವರು, ನೀರನ್ನೂ ಮೂಸುವರು. ಒಮ್ಮೆ ವೇಟರ್ ಇಲ್ಲದ ಹೊತ್ತು ನಾನೇ ಇಡ್ಲಿ ತಂದಿಟ್ಟೆ. ಅವರು ತಟ್ಟೆ ಮೂಸಿದರು, ಆಮೇಲೆ ಕತ್ತು ಚಾಚಿ ನನ್ನ ಕೈಯನ್ನು ಮೂಸಿದರು.

"ಏನ್ರೀ ಅಜ್ಜಾರ, ನಿಮ್ಮ ಕೈ ಯಾವುದು ಹಿಟ್ಟು ಯಾವುದು ಗೊತ್ತಾಗವಲ್ದು. ವಾಸನಿ ಒಂದ ಐತಿ."

ಹೋಟೆಲಿನವರೆಲ್ಲ ನಕ್ಕರು. ಐವತ್ತು ವರ್ಷ ಹಿಟ್ಟಿನಲ್ಲಿ ಮುಳುಗಿದ ಕೈ ಇದು. ಸಾಬೂನು ಹಾಕಿದರೂ ಹುಳಿ ವಾಸನೆ ಹೋಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಎದುರಿಗೆ ಮೂಸಿ ಹೇಳುವುದುಂಟಾ?

ಆ "ಹೊಲಸ್" ಅವರಿಗೆ ಊಟಕ್ಕೂ ಒಂದೇ, ಪಾಠಕ್ಕೂ ಒಂದೇ. ಮಕ್ಕಳ ನೋಟ್‌ಬುಕ್ಕನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತಿ ಹಿಂದಕ್ಕೆ ಕೊಡುತ್ತಿದ್ದರು. ತಪ್ಪು ಉತ್ತರವನ್ನು ಓದುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅದನ್ನು ಕಂಡು ಮಕ್ಕಳು ಅಳುವುದಿತ್ತು. ಅತ್ತರೆ ಇನ್ನೊಂದು ಸಲ ಮುಚ್ಚುವರು.

ತನ್ವಿ ನನ್ನ ಮಗನ ಮಗಳು. ಅಪ್ಪ ಅಮ್ಮ ಇಬ್ಬರೂ ದುಡಿಯುವವರು, ಇಬ್ಬರೂ ಮನೆ ಸೇರುವುದು ಏಳರ ಮೇಲೆ. ಹಾಗಾಗಿ ಶಾಲೆ ಬಿಟ್ಟಮೇಲೆ ಅವಳು ಹೋಟೆಲಿಗೇ ಬರುತ್ತಿದ್ದಳು. ಏಳನೆಯ ಕ್ಲಾಸಿಗೆ ಬಂದ ವರ್ಷ ಅವಳೂ ಇನ್ನೂ ಮೂರು ಮಕ್ಕಳೂ ಮಾಸ್ತರರ ಟೇಬಲ್ಲಿಗೆ ಡೌಟ್ ಕೇಳಲು ಕೂತರು. ನಾನು ಕಿಟಕಿಯ ಈಚೆ ಹಿಟ್ಟು ತಿರುವುತ್ತ ಕೇಳುತ್ತಿದ್ದೆ. ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

ಆ ವಾರದ ಪಾಠ 'ಹೀಗಾದರೆ ಹಾಗೆ' ಎನ್ನುವ ಮಾತುಗಳದ್ದು. ಗಣಿತದಲ್ಲಿ ಇಂಥದ್ದೂ ಇರುತ್ತದೆಂದು ನನಗೆ ಅದೇ ಮೊದಲು ಗೊತ್ತಾದದ್ದು. ಮಾಸ್ತರರು ಬೆರಳನ್ನು ಸಾಂಬಾರಿನಲ್ಲಿ ಅದ್ದಿ, ಹೌದು, ತಿನ್ನುತ್ತಿದ್ದ ಎಂಜಲು ಬೆರಳನ್ನೇ ಅದ್ದಿ, ಬಿಳಿ ಕಲ್ಲಿನ ಟೇಬಲ್ ಮೇಲೆ ಒಂದು ಆರು ಬರೆದರು, ಒಂದು ಮೂರು ಬರೆದರು, ಆರರಿಂದ ಮೂರಕ್ಕೆ ಒಂದು ಬಾಣ ಎಳೆದರು.

"ಒಂದು ಸಂಖ್ಯೆ ಆರರಿಂದ ಭಾಗ ಆದರೆ ಮೂರರಿಂದಲೂ ಆಗ್ತದ. ಹೌದಿಲ್ಲೋ? ಈಗ ಇದನ್ನ ತಿರುಗಿಸು."

"ಮೂರರಿಂದ ಆದ್ರೆ ಆರರಿಂದ್ಲೂ ಆಗ್ತದೆ ಸರ್" ಎಂದಳು ನಮ್ಮ ತನ್ವಿ.

"ಹೊಲಸ್! ಒಂಬತ್ತು ತಗೋ."

ಅವಳು ಬಾಯಲ್ಲೇ ಭಾಗಿಸಿದಳು. "ಅರೆ. ಮೂರರಿಂದ ಆಗ್ತದೆ. ಆರರಿಂದ ಆಗಲ್ಲ."

"ಒಂದು ಒಂಬತ್ತು ಸಾಕು, ಮಾತು ಮುರಿದು ಬಿತ್ತು. ಈ 'ರೆ' ಐತಲ್ಲ, ಆದರೆ, ಬಂದರೆ, ಹೋದರೆ, ಇದು ಒನ್ ವೇ ರಸ್ತಾ. ಆ ಕಡಿಂದ ಗಾಡಿ ತಂದರ ಪೊಲೀಸ್ ಹಿಡೀತಾನ." ಹೇಳಿ ಕಿಟಕಿಯ ಕಡೆ ತಿರುಗಿದರು. "ಅಜ್ಜಾರ! ದ್ವಾಸಿ ಬರೇ ಮಗುಚಿ ಹಾಕಿದರ ಸಾಕೇನ್ರೀ?"

"ಸಾಕಾಗುದಿಲ್ಲ ಮಾಷ್ಟ್ರೇ. ಎರಡೂ ಬದಿಗೆ ಎಣ್ಣೆ ಹಚ್ಚಬೇಕು" ಎಂದೆ.

"ಕೇಳಿದಿರಿಲ್ಲೋ? ಮಾತನ್ನ ಮಗುಚಿದರ ಸಾಲಂಗಿಲ್ಲ. ಎರಡೂ ಬದಿಗೆ 'ಇಲ್ಲ' ಹಚ್ಚಬೇಕು. ಮೂರರಿಂದ ಭಾಗ ಆಗದಿದ್ದರೆ ಆರರಿಂದ ಭಾಗ ಆಗಂಗಿಲ್ಲ. ಈಗ ದ್ವಾಸಿ ಬೆಂದಿತು ನೋಡು. ಮೊದಲಿನ ಮಾತೂ ಇದೂ ಎರಡೂ ಒಂದ. ಒಂದು ಖರೆ ಇದ್ದರ ಇನ್ನೊಂದು ಖರೆ."

ನನ್ನ ದೋಸೆಯನ್ನು ಹಿಡಿದು ಹೀಗೆ ಪಾಠ ಮಾಡಿದರಲ್ಲ ಎಂದು ಒಂದು ಗಳಿಗೆ ಹೆಮ್ಮೆಯಾಯಿತು. ಅವರು ಎದ್ದು ಹೋದಮೇಲೆ ಟೇಬಲ್ ನೋಡಿದೆ. ಅರಿಸಿನದ ಬಾಣಗಳು ಅರ್ಧ ಒಣಗಿ ಅಂಟಿಕೊಂಡಿದ್ದವು, ನಡುವೆ ಒಂದು ಕರಿಬೇವಿನ ಎಲೆ. ಎಂಜಲಿನ ಗಣಿತ! ಥೂ ಎಂದು ಬಟ್ಟೆ ತಂದು ತಿಕ್ಕಿದೆ.

ಮನೆಗೆ ಹೋದರೂ ತನ್ವಿಗೆ ಅದೇ ಆಟ. ನಾವಿರುವ ಚಾಳಿನ ಕೆಳಗೇ ಲೋಕಲ್ ರೈಲಿನ ಹಳಿ.

"ಅಜ್ಜ, ಲೋಕಲ್ ಬಂದರೆ ಗಲಾಟೆ ಆಗ್ತದೆ. ಗಲಾಟೆ ಇಲ್ಲದಿದ್ರೆ?"

"ಲೋಕಲ್ ಬರ್ಲಿಲ್ಲ."

"ಶಾಬ್ಬಾಸ್. ಗಲಾಟೆ ಇದ್ರೆ?"

"ಲೋಕಲ್ ಬಂತು."

"ಹೊಲಸ್! ಕೆಳಗಿನ ಮನೆ ಆಂಟಿ ಅಂಕಲ್ ಜಗಳ ಮಾಡ್ತಿರ್ಬಹುದು ಅಲ್ವಾ?"

ನಾನು ನಕ್ಕು ನಕ್ಕು ಸುಸ್ತಾದೆ. ನನ್ನ ರಕ್ತದಲ್ಲಿ ಇಂಥ ತಲೆ ಎಲ್ಲಿಂದ ಬಂತೋ! ಆದರೆ ನನ್ನ ಮಗುವಿನ ಬಾಯಲ್ಲಿ ಆ ಮನುಷ್ಯನ "ಹೊಲಸ್" ಕೇಳಿ ಮೈ ಉರಿಯಿತು, ಅದೂ ಹೌದು.

ಆಮೇಲೆ ಶಾಲೆಯ ಸ್ಪೋರ್ಟ್ಸ್ ದಿನ ಬಂತು. ಮುಲುಂಡಿನ ಒಂದು ಮೈದಾನದಲ್ಲಿ. ಮಕ್ಕಳ ತಿಂಡಿಗೆ ಮುನ್ನೂರು ಇಡ್ಲಿ ನಮ್ಮ ಹೋಟೆಲಿನಿಂದ. ಕುಡಿಯಲು ಕಿತ್ತಳೆ ಶರಬತ್ತು. ಅದನ್ನು ಶಾಲಾ ಸಮಿತಿಯ ಒಬ್ಬ ಮೆಂಬರ್ ತನ್ನ ಕಡೆಯಿಂದ ಎಂದು ಡ್ರಮ್ಮಿನಲ್ಲಿ ತಂದಿದ್ದ. ಹಿಂದಿನ ಮಧ್ಯಾಹ್ನ ನಾನೇ ಕೂತು ಹಿಟ್ಟು ಅರೆದಿದ್ದೆ. ಬೆಳಿಗ್ಗೆಗೆ ಹಿಟ್ಟು ಚೆನ್ನಾಗಿ ಬಂದಿತ್ತು. ನಮ್ಮಲ್ಲಿ ಹಿಟ್ಟು ಉಬ್ಬಿ ಹದವಾದರೆ 'ಬಂತು' ಎನ್ನುತ್ತೇವೆ. ಬಂದ ಹಿಟ್ಟಿಗೆ ಒಂದು ಹುಳಿ ಇರುತ್ತದೆ, ಇರಲೇಬೇಕು. ಹಳಸಿದ ಹಿಟ್ಟಿಗೂ ಹುಳಿ ಇರುತ್ತದೆ, ಆದರೆ ಅದು ಬೇರೆ ಹುಳಿ, ಗಂಟಲಿಗೆ ಹಿಡಿಯುವಂಥದ್ದು. ಹುಟ್ಟಿನಿಂದ ರೊಟ್ಟಿ ತಿಂದವರಿಗೆ ಈ ಎರಡರ ನಡುವಿನ ದಾರಿ ಕಾಣುವುದು ಕಷ್ಟ.

ಮೈದಾನದಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಮಾಸ್ತರರು ಒಂದು ಇಡ್ಲಿ ಎತ್ತಿ ಮೂಸಿದರು. ಎಲ್ಲರಿಗೂ ಕೇಳುವ ಹಾಗೆ, "ಹುಳಿ ಬಂದಾವು" ಎಂದರು. ಎಂದವರು ನಾಲ್ಕು ತಿಂದರು.

ಹನ್ನೊಂದು ಗಂಟೆಯ ಹೊತ್ತಿಗೆ ಮಕ್ಕಳಿಗೆ ವಾಂತಿ ಶುರುವಾಯಿತು. ಹನ್ನೆರಡು ಮಕ್ಕಳು. ದೇವರು ದೊಡ್ಡವನು, ಸಂಜೆಗೆ ಎಲ್ಲರೂ ಹುಷಾರಾದರು. ಆದರೆ ಅಷ್ಟರಲ್ಲಿ ಆ ಎರಡು ಪದ ಮನೆ ಮನೆಗೂ ತಲುಪಿತ್ತು. ಗಣಿತದ ಸರ್ರೇ ಮೂಸಿ ಹೇಳಿದರಂತೆ, ಹಿಟ್ಟು ಹಳಸಿತ್ತಂತೆ.

ಶರಬತ್ತಿನ ಮೆಂಬರ್ ನಮ್ಮ ಧಣಿಗಳ ಎದುರು ಬಂದು ನಿಂತ. "ಸೀದಾ ಮಾತು ಧಣಿ. ಹಿಟ್ಟು ಖರಾಬ್ ಆದ್ರೆ ಹುಳಿ ಹುಳಿ ಖಟ್ಟಾ ವಾಸ್ನೆ ಬರ್ತದೆ. ಖಟ್ಟಾ ವಾಸ್ನೆ ಇತ್ತು. ಮತ್ತೆಂತ ಬೇಕು? ನಿಮ್ಮ ಹಿಟ್ಟಿನ ಅಜ್ಜನನ್ನು ತೆಗೀರಿ, ಇಲ್ದಿದ್ರೆ ನಾವು ಕಂಪ್ಲೇಂಟ್ ಕೊಡೋದೇ."

ಧಣಿಗಳು ಒಳ್ಳೆಯವರು. ನನ್ನ ಹತ್ತಿರ ಬಂದು ನೆಲ ನೋಡುತ್ತ ಹೇಳಿದರು: "ಶನಿವಾರ ಶಾಲೆಯಲ್ಲಿ ಮೀಟಿಂಗ್ ಉಂಟಂತೆ. ಅಲ್ಲಿ ತೀರ್ಮಾನ ಆಗುವ ತನಕ ನೀನು ಹಿಟ್ಟು ಮುಟ್ಟುದು ಬೇಡ ಮಾರಾಯ. ಮನೆಯಲ್ಲಿರು. ಅವರು ಬೇಡ ಅಂದ್ರೆ ನಾನೆಂತ ಮಾಡ್ಲಿ? ಹೋಟೆಲ್ ನಡೀಬೇಕಲ್ಲ."

ಎಂಟು ದಿನ ಮನೆಯಲ್ಲಿ ಕೂತೆ. ನನಗೆ ಬೇರೆ ಕೆಲಸ ಬರುವುದಿಲ್ಲ. ಬೆಳಿಗ್ಗೆ ಎದ್ದು ಕೈ ನೋಡಿಕೊಳ್ಳುತ್ತಿದ್ದೆ. ಈ ಕೈ ಮಕ್ಕಳಿಗೆ ವಿಷ ಹಾಕಿತು ಎಂದರೆ ಆಮೇಲೆ ಯಾವ ಹೋಟೆಲಿನಲ್ಲಿ ಇದನ್ನು ಹಿಟ್ಟಿಗೆ ಇಳಿಸಲಿ?

ಅದಕ್ಕಿಂತ ಹೆಚ್ಚಿನ ಸಂಕಟ ತನ್ವಿಯದು. ಕ್ಲಾಸಿನಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲವಂತೆ. "ಖಟ್ಟಾ ಇಡ್ಲಿ, ಖಟ್ಟಾ ಇಡ್ಲಿ" ಎಂದು ಮೂಗು ಮುಚ್ಚಿಕೊಂಡು ಓಡಿದರಂತೆ. ಮೂಗು ಮುಚ್ಚುವುದನ್ನು ಯಾರಿಂದ ಕಲಿತರು ಎಂದು ಹೇಳಬೇಕಾಗಿಲ್ಲ. ಮೂರನೆಯ ದಿನ ಅವಳು ಶಾಲೆಗೆ ಹೋಗುವುದಿಲ್ಲ ಎಂದಳು. ಎಷ್ಟು ಹೇಳಿದರೂ ಬ್ಯಾಗ್ ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಏನೋ ಹೇಳಲು ಬಾಯಿ ತೆರೆಯುವಳು, ನನ್ನನ್ನು ನೋಡಿ ಮುಚ್ಚುವಳು.

ಮಾಸ್ತರರು ಈ ಎಂಟು ದಿನದಲ್ಲಿ ಒಂದು ಮಾತು ಆಡಲಿಲ್ಲ. ದಿನಾ ಹೋಟೆಲಿಗೆ ಬರುತ್ತಿದ್ದರಂತೆ. ಬೇರೆಯವರು ಅರೆದ ಹಿಟ್ಟಿನ ಇಡ್ಲಿ ಮೂಸಿ ತಿನ್ನುತ್ತಿದ್ದರಂತೆ.

ಶನಿವಾರ ಮಧ್ಯಾಹ್ನ ಶಾಲೆಯ ಹಾಲ್ ತುಂಬಿತ್ತು. ಮಗ ಸೊಸೆಗೆ ರಜೆ ಸಿಗಲಿಲ್ಲ, ಧಣಿಗಳ ಜೊತೆ ನಾನು ಹೋದೆ. ತನ್ವಿ ತಾನೂ ಬರುತ್ತೇನೆಂದು ಹಟ ಹಿಡಿದಳು, ಕರೆದುಕೊಂಡು ಹೋದೆ. ವಾಂತಿಯಾದ ಹನ್ನೆರಡು ಮಕ್ಕಳನ್ನು ಮುಂದಿನ ಬೆಂಚುಗಳಲ್ಲಿ ಕೂರಿಸಿದ್ದರು. ಮೆಂಬರ್ ತನ್ನ ಸೀದಾ ಮಾತನ್ನು ಇನ್ನೊಮ್ಮೆ ಹೇಳಿ, "ಈ ಹನ್ನೆರಡೂ ಮಕ್ಕಳು ಇಡ್ಲಿ ತಿಂದಿದ್ದಾರೆ. ಕೇಳಿ ಬೇಕಾದ್ರೆ. ಅಲ್ಲದೆ ನಮ್ಮ ಮ್ಯಾಥ್ಸ್ ಸರ್ರೇ ಹಳಸಿದೆ ಅಂತ ಹೇಳಿದ್ದಾರೆ" ಎಂದ.

ಆಗ ಮಾಸ್ತರರು ಎದ್ದರು. ಮೊದಲು ಮೂಗು ಒರೆಸಿದರು.

"ನಾ ಹುಳಿ ಬಂದಾವು ಅಂದೀನಿ. ಹಳಸ್ಯಾವು ಅಂದಿಲ್ಲ. ಹಳಸಿದರೆ ಹುಳಿ ಬರ್ತದ, ಖರೆ. ಹುಳಿ ಬಂದರೆ ಹಳಸೈತಿ ಅಂತ ಯಾವ ಪುಸ್ತಕದಾಗ ಐತ್ರೀ? ಮಜ್ಜಿಗಿ ಹುಳಿ, ನಿಂಬಿಹಣ್ಣು ಹುಳಿ. ಹೊಲಸ್ ಮಾತು ಆಡಬ್ಯಾಡ್ರಿ."

ಸಭೆಯಲ್ಲಿ ಯಾರೋ ನಕ್ಕರು. ಮೆಂಬರನ ಮುಖ ಕೆಂಪಾಯಿತು. "ಹುಳಿ ಬಿಡಿ ಸರ್. ವಾಂತಿ ಆದದ್ದು ಸುಳ್ಳಾ? ವಾಂತಿ ಆದವರೆಲ್ಲ ಇಡ್ಲಿ ತಿಂದವರೇ."

"ಅದು ಗಟ್ಟಿ ಮಾತಾ? ಬರೀಲಾ?" ಎಂದು ಮಾಸ್ತರರು ಬೋರ್ಡಿಗೆ ಹೋದರು. ವಾಂತಿಯಾಗಿದ್ದರೆ ಇಡ್ಲಿ ತಿಂದಿದ್ದಾರೆ, ಎಂದು ಬರೆದರು. ಅದರ ಕೆಳಗೆ ಅದೇ ಮಾತನ್ನು ಮಗುಚಿ, ಎರಡೂ ಬದಿಗೆ 'ಇಲ್ಲ' ಹಚ್ಚಿ ಬರೆದರು: ಇಡ್ಲಿ ತಿಂದಿಲ್ಲದಿದ್ದರೆ ವಾಂತಿಯಾಗಿಲ್ಲ.

"ಇವೆರಡೂ ಒಂದ ಮಾತು. ಏಳನೇತ್ತ ಮಕ್ಕಳಿಗೆ ಗೊತ್ತೈತಿ, ನಿಮಗ ಗೊತ್ತಿಲ್ಲದಿದ್ದರ ನನ್ನ ತಪ್ಪಲ್ಲ. ಈಗ ನನಗ ಒಂದು ಒಂಬತ್ತು ಬೇಕು."

ತಂದೆ ತಾಯಿಗಳು ಮುಖ ಮುಖ ನೋಡಿಕೊಂಡರು. ಇವರಿಗೆ ತಲೆ ಕೆಟ್ಟಿದೆ ಎಂದು ನನ್ನ ಪಕ್ಕದವರೊಬ್ಬರು ಪಿಸುಗುಟ್ಟಿದರು. ಮಾಸ್ತರರು ಯಾರನ್ನೂ ನೋಡುತ್ತಿರಲಿಲ್ಲ. ನೆಟ್ಟ ಕಣ್ಣಿಂದ ನನ್ನ ಮೊಮ್ಮಗಳನ್ನು ನೋಡುತ್ತಿದ್ದರು.

"ಒಂದ ಸಾಕು. ಒಂಬತ್ತು ಯಾರು?"

ತನ್ವಿಯ ಕೈ ನನ್ನ ಕೈಯೊಳಗಿತ್ತು. ಆಮೇಲೆ ಜಾರಿ ಹೊರಗೆ ಹೋಯಿತು.

"ಸರ್, ನಾನು ಒಂಬತ್ತು."

ಎದ್ದು ನಿಂತಿದ್ದಳು. ಹನ್ನೆರಡು ವರ್ಷದ ಮಗು, ಎರಡು ಜಡೆ.

"ಬಿಡಿಸಿ ಹೇಳು."

"ನಾನು ಇಡ್ಲಿ ತಿನ್ಲಿಲ್ಲ ಸರ್. ಆದ್ರೂ ನನಗೆ ವಾಂತಿ ಆಯ್ತು. ನೀರಿನ ಟಾಕಿ ಹಿಂದೆ ಹೋಗಿ ಮಾಡ್ದೆ. ಯಾರಿಗೂ ಹೇಳ್ಲಿಲ್ಲ."

"ಸುಳ್ಳು!" ಎಂದ ಮೆಂಬರ್. "ಅಜ್ಜನನ್ನು ಉಳಿಸ್ಲಿಕ್ಕೆ ಹೇಳ್ತಾಳೆ. ಇಡ್ಲಿ ಅಜ್ಜನ ಮೊಮ್ಮಗಳು ಇಡ್ಲಿ ತಿನ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಯಾಕ ತಿನ್ನಲಿಲ್ಲ?" ಎಂದರು ಮಾಸ್ತರರು. ಬಿಡಲಿಲ್ಲ. ಆ ಕಣ್ಣಿನಲ್ಲಿ ಒಂದು ಚೂರು ಕರುಣೆ ಇರಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ.

ಅವಳು ನನ್ನನ್ನು ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟು ಬೋರ್ಡಿಗೆ ಹೇಳಿದಳು:

"ನಂಗೆ ಇಡ್ಲಿ ಆಗಲ್ಲ ಸರ್. ಆ ಹುಳಿ ವಾಸ್ನೆ ಬಂದ್ರೆ ಶೀ ಅನ್ಸುತ್ತೆ. ಸಣ್ಣವಳಿದ್ದಾಗಿಂದ. ಅಜ್ಜ ದಿನಾ ಡಬ್ಬಿಗೆ ಹಾಕ್ತಾರೆ. ನಾನು ದಿನಾ ಫ್ರೆಂಡ್‌ಗೆ ಕೊಡ್ತೀನಿ. ಅಜ್ಜಂಗೆ ಗೊತ್ತಿಲ್ಲ."

ಮುಂದಿನ ಬೆಂಚಿನಿಂದ ಒಂದು ದಪ್ಪ ಹುಡುಗಿ ಎದ್ದಳು. "ಹೌದು ಸರ್. ಅವಳ ಇಡ್ಲಿ ದಿನಾ ನಾನೇ ತಿನ್ನೋದು. ಸ್ಪೋರ್ಟ್ಸ್ ದಿನಾನೂ ನಾನೇ ತಿಂದೆ. ಮಸ್ತ್ ಇರ್ತದೆ." ಇಡೀ ಹಾಲ್ ಗೊಳ್ಳೆಂದಿತು.

ನಾನು ನಗಲಿಲ್ಲ. ಒಂದನೇ ಕ್ಲಾಸಿನಿಂದ ಆ ಡಬ್ಬಿ ಖಾಲಿಯಾಗಿ ಬರುವುದನ್ನು ನೋಡಿ ನೋಡಿ ನಾನು ಎಷ್ಟು ಹಿಗ್ಗಿದ್ದೆ! ಎದೆಯಲ್ಲಿ ಏನೋ ಚುಚ್ಚಿತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು, ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳ ಎತ್ತುತ್ತದಲ್ಲ, ಹಾಗೆ. ನಲವತ್ತು ಜನ ದೊಡ್ಡವರ ಎದುರು, ತನಗೆ ನಾಚಿಕೆಯಾಗುವ ಮಾತನ್ನು, ಅಜ್ಜನಿಗೆ ನೋವಾಗುವ ಮಾತನ್ನು, ಅಜ್ಜನನ್ನು ಉಳಿಸುವ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದಳಲ್ಲ ನನ್ನ ಮಗು! ಅವಳು ಹುಟ್ಟಿದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

"ಹಾಗಾದ್ರೆ ಇಡ್ಲಿ ಒಳ್ಳೇದಿತ್ತು ಅಂತಲೇ ಆಯ್ತಲ್ಲ?" ಎಂದು ನಮ್ಮ ಧಣಿಗಳು ಖುಷಿಯಿಂದ ಎದ್ದರು.

ಅಷ್ಟಕ್ಕೆ ಬಿಡಬಹುದಿತ್ತು. ಯಾವ ಮನುಷ್ಯನಾದರೂ ಬಿಡುತ್ತಿದ್ದ.

"ಹಂಗ ನಾ ಅಂದಿಲ್ಲ" ಎಂದರು ಮಾಸ್ತರರು. "ವಾಂತಿಯಾದವರೆಲ್ಲ ಇಡ್ಲಿ ತಿಂದವರು ಅನ್ನೋ ಮಾತು ಮುರೀತು. ಅಷ್ಟ. ಇಡ್ಲಿ ಚಲೋ ಇತ್ತು ಅಂತ ಇದರಿಂದ ಸಿದ್ಧ ಆಗಂಗಿಲ್ಲ. ಹಳಸಿದ್ದರೂ ಹಳಸಿರಬಹುದು."

ನನ್ನ ಮುಖಕ್ಕೆ ಉಗಿದ ಹಾಗಾಯಿತು. ಯಾರೋ ತಾಯಿ ಎದ್ದು, ಶರಬತ್ತಿಗೆ ಹಾಕಿದ ಐಸ್ ಮೀನಿನವರ ಗೋಣಿಯಲ್ಲಿ ಬಂದದ್ದನ್ನು ತಾನು ಕಂಡಿದ್ದೇನೆ ಎಂದರು. ಹಾಲ್‌ನಲ್ಲಿದ್ದವರೆಲ್ಲ ಥೂ ಎಂದರು. ಮಾಸ್ತರರು ಆ ಮೆಂಬರನ ಪರವಾಗಿಯೂ ಅದೇ ಮಾತು ಆಡಿದರು: "ಅದನ್ನೂ ಹೇಳಾಕ ಬರಂಗಿಲ್ಲ. ಹೊಲಸು ಇದ್ದರೆ ಅದರಿಂದಲ ವಾಂತಿ ಆತು ಅಂತಲ್ಲ." ಕೊನೆಗೆ ಹೆಡ್ ಟೀಚರ್ ಕಂಪ್ಲೇಂಟಿನ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿ, ಈ ವಿಷಯ ಇಲ್ಲಿಗೆ ಮುಗಿಯಿತು ಎಂದರು. ಧಣಿಗಳು ನನ್ನ ಬೆನ್ನಿಗೆ ಒಂದು ಹೊಡೆದು, "ನಾಳೆ ಬೇಳೆ ನೆನೆಹಾಕು ಮಾರಾಯ" ಎಂದು ಹೊರಟರು.

ಗೇಟಿನಲ್ಲಿ ಮಾಸ್ತರರನ್ನು ಹಿಡಿದೆ. "ಮಾಷ್ಟ್ರೇ, ಇವಳಿಗೆ ವಾಂತಿ ಆದದ್ದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ತಾಟು ಗೆಳತಿ ಕಡೆ ಸರಿಸಿದ್ದು ನೋಡೀನಿ. ಟಾಕಿ ಹಿಂದ ಕುಂತಿದ್ದೂ ನೋಡೀನಿ."

"ಹಾಗಾದ್ರೆ ನೀವೇ ಹೇಳಬಹುದಿತ್ತಲ್ಲ? ಎಂಟು ದಿನ ನಾನು ಹೇಗೆ ಇದ್ದೆ ಗೊತ್ತುಂಟಾ? ಆ ಮಗು ಹೇಗೆ ಇತ್ತು ಗೊತ್ತುಂಟಾ?"

"ನಾ ದಿನಾ ನಿಮ್ಮ ಹೋಟೆಲ್‌ನ್ಯಾಗ ತಿನ್ನಾವ. ನನ್ನ ಮಾತು ಯಾರು ನಂಬತಾರ?" ಎಂದರು. ಇದು ಒಪ್ಪುವ ಮಾತೇ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಕೈ ಮುಗಿಯುತ್ತಿದ್ದೆನೋ ಏನೋ. ಮೂಗು ಒರೆಸಿಕೊಂಡು ಮುಂದುವರಿಸಿದರು: "ಮತ್ತ, ಆಕಿಗೆ ಪಾಠ ತಿಳದೈತೋ ಇಲ್ಲೋ ನೋಡಬೇಕಿತ್ತು."

ಪರೀಕ್ಷೆ! ವಾಂತಿ ಮಾಡುವ ಮಗುವಿನ ಬೆನ್ನು ಸವರದೆ ದೂರ ನಿಂತು ನೋಡಿ, ಒಬ್ಬ ಮುದುಕನ ಅನ್ನವನ್ನು ಎಂಟು ದಿನ ತೂಗುಹಾಕಿ, ಪರೀಕ್ಷೆ ನಡೆಸಿದ ಮನುಷ್ಯ. ಇವರನ್ನು ಸಂತ ಎಂದರು ಸಂತಾಪ ಸಭೆಯಲ್ಲಿ. ಹೇಳಲಿ. ನನಗೆ ಆ ಗೇಟು ನೆನಪಾದರೆ ಇವತ್ತಿಗೂ ವಾಕರಿಕೆ ಬರುತ್ತದೆ.

ತನ್ವಿ ಮಾತ್ರ ನನ್ನ ಪರ ವಹಿಸಲಿಲ್ಲ. ಭಾಂಡುಪ್ ಸ್ಟೇಷನ್ನಿನ ಬ್ರಿಡ್ಜ್ ಹತ್ತುತ್ತ ನಾನು ಮಾಸ್ತರರನ್ನು ಬೈಯುತ್ತಿದ್ದೆ. ಅವಳು, "ಸರ್ ಹೇಳಿದ್ದು ಬರಾಬರ್ ಅಜ್ಜ. ಒಂದು ಒಂಬತ್ತಿನಿಂದ ಇಡ್ಲಿ ಚೆನ್ನಾಗಿತ್ತು ಅಂತ ಪ್ರೂವ್ ಆಗಲ್ಲ" ಎಂದಳು.

"ಹಾಗಾದ್ರೆ ನನ್ನ ಹಿಟ್ಟು ಹಳಸಿತ್ತು ಅಂತೀಯಾ?"

"ಇಲ್ಲ ಅಜ್ಜ! ಅದು ಬೇರೆ. ಅದು ನಂಗೆ ಗೊತ್ತು. ಗೊತ್ತಿರೋದು ಬೇರೆ, ಪ್ರೂವ್ ಮಾಡೋದು ಬೇರೆ."

ನಾಲ್ಕು ಮೆಟ್ಟಿಲು ಹತ್ತಿದಳು. "ಅಜ್ಜ, ಬೇಜಾರಾಯ್ತಾ?"

"ಎಂತದಕ್ಕೆ?"

"ಶೀ ಅಂದದ್ದಕ್ಕೆ."

"ಆ ವಾಸನೆ ನನ್ನ ಮೈಯಲ್ಲೇ ಉಂಟಲ್ಲ ಮಗಾ. ಅಜ್ಜನನ್ನು ಕಂಡ್ರೂ ಶೀಯಾ?"

ಬೇರೆ ಮಕ್ಕಳಾಗಿದ್ದರೆ ಇಲ್ಲ ಇಲ್ಲ ಎಂದು ಅಪ್ಪಿಕೊಳ್ಳುತ್ತಿದ್ದರು. ಇವಳು ಯೋಚಿಸಿದಳು.

"ನೀವು ಮನೇಲಿದ್ರೆ ಹಿಟ್ಟಿನ ವಾಸ್ನೆ ಇರ್ತದೆ. ಹೌದಲ್ವಾ? ಅದನ್ನ ಮಗುಚಿ. ಎರಡೂ ಸೈಡ್ 'ಇಲ್ಲ' ಹಚ್ಚಿ."

ನಾನು ಮನಸ್ಸಿನಲ್ಲಿ ಮಗುಚಿದೆ. ಹಚ್ಚಿದೆ. "ವಾಸನೆ ಇಲ್ಲದಿದ್ರೆ, ನಾನು ಮನೆಯಲ್ಲಿಲ್ಲ."

"ಈ ಎಂಟು ದಿನ ನೀವು ಹಿಟ್ಟು ಮುಟ್ಲಿಲ್ಲ, ಮನೇಲಿ ವಾಸ್ನೆ ಇರ್ಲಿಲ್ಲ ಅಜ್ಜ" ಎಂದಳು. "ನೀವು ಅಲ್ಲೇ ಕೂತಿದ್ರಿ. ಆದ್ರೂ ನಂಗೆ ನೀವು ಇಲ್ಲ ಅನ್ನೋ ಹಾಗೆ ಆಗ್ತಿತ್ತು. ಅದಕ್ಕೇ ಇವತ್ತು ಎದ್ದೆ."

ನಾನು ಬ್ರಿಡ್ಜಿನ ನಡುವೆ ನಿಂತುಬಿಟ್ಟೆ. ಹಿಂದಿನಿಂದ ಜನ ತಳ್ಳಿದರು, "ಅರೆ ಚಾಚಾ, ಚಲೋ ನಾ" ಎಂದು ಯಾರೋ ರೇಗಿದರು. ಕೆಳಗೆ ಲೋಕಲ್ ಬಂದು ನಿಂತು ಹೋಯಿತು. ನನ್ನ ಕಣ್ಣಿಗೆ ಯಾವುದೂ ಸರಿಯಾಗಿ ಕಾಣಿಸುತ್ತಿರಲಿಲ್ಲ, ಆದರೆ ನಾನು ನಗುತ್ತಿದ್ದೆ.

"ನಾಳೆಯಿಂದ ವಾಸನೆ ಬರ್ತದೆ ಮಗಾ" ಎಂದೆ.

ಅವಳು ಮೂಗು ಮುರಿದಳು. ಆಮೇಲೆ ನನ್ನ ಕೈ ಹಿಡಿದು ಎಳೆದಳು.

"ಬರ್ಲಿ."